ಊಟದ ಚೀಟಿಯ ವಟ್ಟ

(ಆಕಾಶವಾಣಿ ಭಾಷಣ)

ಕನ್ನಡದಲ್ಲಿ ‘ವಟ್ಟ’ ಎಂಬುದೊಂದು ಹಳೆಯ ಮಾತುಂಟು. ಇಂದಿನ ತರುಣರ ಬಾಯಲ್ಲಿ ಅದು ಕೇಳಿಬರುವುದು ಅಪರೂಪ. ಆದರೆ ಹಿಂದಿನ ಸಾವಕಾರರ, ಸರಾಫರ ವ್ಯವಹಾರದಲ್ಲಿ ಆ ಮಾತಿಲ್ಲದೆ ದಿನ ಸಾಗುತ್ತಿರಲಿಲ್ಲ. ಒಂದು ನಾಣ್ಯವನ್ನಾಗಲಿ, ಒಂದು ಹುಂಡಿಯನ್ನಾಗಲಿ ಅದರ ಮುಖಬೆಲೆಗಿಂತ ಕಡಿಮೆಗೆ ಕೊಂಡಾಗ ಹಿಡಿದುಕೊಳ್ಳುತ್ತಿದ್ದ ಕಡಿತಕ್ಕೆ ವಟ್ಟವೆಂದು ಹೆಸರು. ಈಗ ಅದನ್ನೇ ನಾವು ರಿಯಾಯಿತಿ ಎನ್ನುತ್ತೇವೆ, ಡಿಸ್ಕೌಂಟು ಎನ್ನುತ್ತೇವೆ. ಈ ಎರಡು ಮಾತುಗಳ ನಡುವೆ ಒಂದು ಸೂಕ್ಷ್ಮವಾದ ಅಂತರವಿದೆ. ರಿಯಾಯಿತಿ ಎಂದಾಗ ಕೊಡುವವನ ಔದಾರ್ಯ ಕಣ್ಣಿಗೆ ಕಟ್ಟುತ್ತದೆ; ವಟ್ಟ ಎಂದಾಗ ಕೊಳ್ಳುವವನ ಎಚ್ಚರ ನೆನಪಾಗುತ್ತದೆ. ‘ಇಷ್ಟು ಕಡಿಮೆಗೆ ಏಕೆ ಕೊಡುತ್ತಿದ್ದಾನೆ?’ ಎಂಬ ಪ್ರಶ್ನೆ ವಟ್ಟದ ಬೆನ್ನಿಗೇ ಇರುತ್ತಿತ್ತು.

ಈ ಹಳೆಯ ಮಾತನ್ನು ನಾನು ಈಗ ಹೊರತೆಗೆದುದಕ್ಕೆ ಕಾರಣವಿದೆ. ಇತ್ತೀಚಿನ ವರ್ಷಗಳಲ್ಲಿ ಹೋಟೆಲಿನ ಊಟವನ್ನು ಮುಂಗಡವಾಗಿ, ಕಡಿಮೆ ಬೆಲೆಗೆ, ಅಂತರ್ಜಾಲದಲ್ಲಿ ಕೊಳ್ಳುವ ರೂಢಿ ನಮ್ಮಲ್ಲಿ ಬೆಳೆದಿದೆ. ಸಾವಿರ ರೂಪಾಯಿಯ ಊಟದ ಚೀಟಿ ಆರು ನೂರಕ್ಕೆ ದೊರೆಯುತ್ತದೆ. ಅದನ್ನು ತಾನೇ ಬಳಸಬಹುದು, ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ಬೇರೆಯವರಿಗೆ ಉಡುಗೊರೆಯಾಗಿಯೂ ಕಳಿಸಬಹುದು. ಚೀಟಿ ಎಂದೆನಾದರೂ ಅಲ್ಲಿ ಕಾಗದವಿಲ್ಲ. ಮೊಬೈಲಿನ ತೆರೆಯ ಮೇಲೆ ಮೂಡುವ ಕೆಲವು ಅಂಕಿ ಅಕ್ಷರಗಳೇ ಚೀಟಿ. ಇದು ತೀರ ಹೊಸ ಕಾಲದ ಸಂಗತಿಯೆಂದು ಮೇಲುನೋಟಕ್ಕೆ ತೋರುತ್ತದೆ. ವಿಚಾರಿಸಿ ನೋಡಿದರೆ ಇದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. ಮುಂದೆ ಉಣ್ಣಲಿರುವ ಅನ್ನಕ್ಕೆ ಇಂದು ಹಣ ಕೊಟ್ಟು ಮಾತು ಪಡೆಯುವುದು ನಮ್ಮ ನಾಡಿನಲ್ಲಿ ಹಳೆಯ ಪದ್ಧತಿಯೇ ಸರಿ. ಆ ಮಾತನ್ನು ಯಾರು ಕೊಟ್ಟರು, ಅದಕ್ಕೆ ಸಾಕ್ಷಿ ಯಾರು, ಅದರ ಆಯುಷ್ಯವೆಷ್ಟು ಎಂಬ ಮೂರು ಪ್ರಶ್ನೆಗಳನ್ನು ಹಿಡಿದುಕೊಂಡು ಈ ಚರಿತ್ರೆಯನ್ನು ಸ್ಥೂಲವಾಗಿ ಅವಲೋಕಿಸಬಹುದು.

ಕ್ರಿಸ್ತಶಕ ಎರಡನೆಯ ಶತಮಾನದ ಒಂದು ಉದಾಹರಣೆಯಿಂದ ತೊಡಗೋಣ. ನಾಸಿಕದ ಗುಹೆಯೊಂದರಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತನ ಶಾಸನವಿದೆ. ಆತನು ತಾನು ಕೊರೆಸಿದ ಗುಹೆಯಲ್ಲಿ ಮಳೆಗಾಲವನ್ನು ಕಳೆಯುವ ಭಿಕ್ಷುಗಳಿಗಾಗಿ 3000 ಕಾರ್ಷಾಪಣಗಳನ್ನು ನೇಕಾರರ ಎರಡು ಶ್ರೇಣಿಗಳಲ್ಲಿ ಇಟ್ಟನು. 2000ಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಉಳಿದ 1000ಕ್ಕೆ ನೂರಕ್ಕೆ ಮುಕ್ಕಾಲರಂತೆ. ಮೂಲಧನವನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸಬೇಕು. ಮೊದಲನೆಯ ಮೊತ್ತದ ಬಡ್ಡಿ ವರ್ಷಕ್ಕೆ 240 ಆಗುತ್ತದೆ. ಅದರಿಂದ ಇಪ್ಪತ್ತು ಭಿಕ್ಷುಗಳಿಗೆ ತಲಾ ಹನ್ನೆರಡು ಕಾರ್ಷಾಪಣ ವಸ್ತ್ರಕ್ಕೆ ಸಲ್ಲಬೇಕೆಂದು ಶಾಸನ ಹೇಳುತ್ತದೆ. ಎರಡನೆಯ ಮೊತ್ತದ ಬಡ್ಡಿ ಅವರ ಇತರ ಖರ್ಚಿಗೆ. ಲೆಕ್ಕ ಎಷ್ಟು ಸ್ವಚ್ಛವಾಗಿದೆ ನೋಡಿ! ಆದರೆ ಲೆಕ್ಕಕ್ಕಿಂತಲೂ ಗಮನಾರ್ಹವಾದ ಮಾತೊಂದು ಅಲ್ಲಿದೆ. ಈ ಒಪ್ಪಂದವನ್ನು ನಿಗಮಸಭೆಯಲ್ಲಿ ಸಾರಿ, ಫಲಕದಲ್ಲಿ ಬರೆಸಲಾಯಿತು ಎಂದು ಶಾಸನವೇ ತಿಳಿಸುತ್ತದೆ. ಹಣ ಇಟ್ಟವನಿಗೂ ಇಟ್ಟುಕೊಂಡವರಿಗೂ ನಡುವೆ ಇಡೀ ಪಟ್ಟಣವೇ ಸಾಕ್ಷಿಯಾಗಿ ನಿಂತಿತು.

ನಮ್ಮ ಕನ್ನಡನಾಡಿನ ದತ್ತಿ ಶಾಸನಗಳಲ್ಲಿಯೂ ಇದೇ ಎಚ್ಚರವನ್ನು ಕಾಣುತ್ತೇವೆ. ದೂರ ಹೋಗಬೇಕಾಗಿಲ್ಲ. ನಾನು ನಿವೃತ್ತನಾಗಿ ನೆಲಸಿರುವ ಘೋಡಗೇರಿಯ ಸುತ್ತಿನ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿಯೇ ಇಂಥ ಕಲ್ಲುಗಳಿವೆ. ಮೂಡಲಗಿ ತಾಲೂಕಿನ ಕಲ್ಲೋಳಿಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಶಾಸನವಿದೆ. ವೇಣುಗ್ರಾಮವೆಂದು ಶಾಸನಗಳು ಕರೆಯುವ ಬೆಳಗಾವಿಯಿಂದ ಆಳುತ್ತಿದ್ದ ಆ ಅರಸನ ಕಾಲದಲ್ಲಿ ಅಲ್ಲಿಯ ಶಾಂತಿನಾಥ ಬಸದಿಗೆ ಬಿಟ್ಟ ದತ್ತಿಯ ದಾಖಲೆಯದು. ಬಸದಿಗಳಿಗೆ, ದೇಗುಲಗಳಿಗೆ, ಮಠಗಳಿಗೆ ಬಿಟ್ಟ ಇಂಥ ದತ್ತಿಗಳಲ್ಲಿ ಜೀರ್ಣೋದ್ಧಾರ, ಪೂಜೆ, ವಿದ್ಯಾದಾನಗಳ ಜೊತೆಗೆ ಆಹಾರದಾನದ ಮಾತು ಮತ್ತೆ ಮತ್ತೆ ಬರುತ್ತದೆ. ಅಂದರೆ ಇನ್ನೂ ಹುಟ್ಟದ ತಪಸ್ವಿಗಳ, ಇನ್ನೂ ಬಾರದ ಅತಿಥಿಗಳ ಊಟಕ್ಕೆ ದಾನಿಯು ಮುಂಗಡ ಕೊಟ್ಟು ಹೋಗುತ್ತಿದ್ದನು. ಆ ಮಾತಿನ ಆಯುಷ್ಯ ಆಚಂದ್ರಾರ್ಕ, ಎಂದರೆ ಸೂರ್ಯಚಂದ್ರರಿರುವ ತನಕ. ಅದನ್ನು ಮುರಿದವನಿಗೆ ಶಾಸನದ ಕೊನೆಯಲ್ಲಿ ಘೋರವಾದ ಶಾಪ: ದತ್ತಿಯ ಭೂಮಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆಂದು.

ಈ ಶಾಪವನ್ನು ಓದಿ ನಮ್ಮ ವಿದ್ಯಾರ್ಥಿಗಳು ನಗುತ್ತಿದ್ದರು. ನಾನು ಅವರಿಗೆ ಹೇಳುತ್ತಿದ್ದುದಿಷ್ಟೆ: ಶಾಪವಿದೆಯೆಂದರೆ ಮುರಿಯುವವರೂ ಇದ್ದರೆಂದೇ ಅರ್ಥ. ಮುಂಗಡ ಪಡೆದು ಅನ್ನವಿಕ್ಕದೆ ಹೋಗುವ ಭಯ ಅಂದಿಗೂ ಇತ್ತು. ಆದುದರಿಂದಲೇ ಕಲ್ಲು ಬೇಕಾಯಿತು, ಸಾಕ್ಷಿಗಳು ಬೇಕಾದರು, ಶಾಪವೂ ಬೇಕಾಯಿತು.

ಇನ್ನು ವಟ್ಟದ ಸಂಗತಿಗೆ ಬರೋಣ. ಪೇಶ್ವೆಯರ ಕಾಲದ ನಮ್ಮ ಸೀಮೆಯಲ್ಲಿ ಒಂದೇ ಬಗೆಯ ರೂಪಾಯಿ ನಡೆಯುತ್ತಿರಲಿಲ್ಲ. ಬಾಗಲಕೋಟೆಯಲ್ಲಿ ಟಂಕಿಸಿದ ಮಲ್ಹಾರಶಾಹಿ ರೂಪಾಯಿ ಒಂದಾದರೆ, ಬೇರೆ ಬೇರೆ ಟಂಕಸಾಲೆಗಳ ರೂಪಾಯಿಗಳು ಹಲವು. ಒಂದು ಊರಿನ ನಾಣ್ಯವನ್ನು ಇನ್ನೊಂದು ಊರಿನಲ್ಲಿ ಕೊಡಬೇಕಾದರೆ ಸರಾಫನು ಅದರ ತೂಕ ನೋಡಿ, ನಾದ ಕೇಳಿ, ಇಷ್ಟು ವಟ್ಟವೆಂದು ಹೇಳುತ್ತಿದ್ದನು. ಕಂಪನಿ ಸರಕಾರ 1835ರಲ್ಲಿ ಏಕರೂಪದ ರೂಪಾಯಿಯನ್ನು ತಂದ ಮೇಲೆ ನಾಣ್ಯದ ವಟ್ಟ ಕ್ರಮೇಣ ಹಿಂದೆ ಸರಿಯಿತು. ಹುಂಡಿಯ ವಟ್ಟ ಮಾತ್ರ ಉಳಿಯಿತು.

ಹುಂಡಿಯೆಂದರೆ ಒಬ್ಬ ವರ್ತಕನು ಇನ್ನೊಂದೂರಿನ ವರ್ತಕನಿಗೆ, ಈ ಚೀಟಿ ತಂದವನಿಗೆ ಇಷ್ಟು ಹಣ ಕೊಡು ಎಂದು ಬರೆದುಕೊಟ್ಟ ಮಾತು. ತೋರಿಸಿದ ಕೂಡಲೇ ಹಣ ಸಲ್ಲಬೇಕಾದುದು ದರ್ಶನಿ ಹುಂಡಿ. ಗೊತ್ತಾದ ಅವಧಿಯ ನಂತರ ಸಲ್ಲಬೇಕಾದುದು ಮುದ್ದತಿ ಹುಂಡಿ. ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಹಣ ಎಂಬ ಕರಾರಿನದು ಜೋಖಮಿ ಹುಂಡಿ. ಅವಧಿ ದೀರ್ಘವಾದಷ್ಟೂ, ಬರೆದುಕೊಟ್ಟವನ ಪತ್ತು ಕಡಿಮೆಯಾದಷ್ಟೂ ವಟ್ಟ ಹೆಚ್ಚುತ್ತಿತ್ತು. ಹುಂಡಿ ಕಳೆದುಹೋದರೆ ಎರಡನೆಯ ಪ್ರತಿ ಬರೆದುಕೊಡುವ ಪದ್ಧತಿಯಿತ್ತು. ಅದೂ ಕಳೆದರೆ ಮೂರನೆಯದು. ಹೀಗಾಗಿ ವಟ್ಟವೆಂಬುದು ಕಾಲಕ್ಕೂ ಅಪಾಯಕ್ಕೂ ಕಟ್ಟಿದ ಬೆಲೆ. ನೂರು ರೂಪಾಯಿಯ ಹುಂಡಿಯನ್ನು ಯಾರಾದರೂ ಅರವತ್ತಕ್ಕೆ ಮಾರಲು ಬಂದರೆ ಸಾವಕಾರನು ಸಂತೋಷಪಡುತ್ತಿರಲಿಲ್ಲ. ಬರೆದುಕೊಟ್ಟವನ ದುಕಾನು ಇನ್ನೂ ತೆರೆದಿದೆಯೇ ಎಂದು ಆಳು ಕಳಿಸಿ ನೋಡಿಸುತ್ತಿದ್ದನು.

ಊಟ ಮತ್ತು ವಟ್ಟ, ಇವೆರಡೂ ಒಂದೆಡೆ ಸೇರಿದ್ದು ನಮ್ಮ ಕಡೆಯ ಖಾನಾವಳಿಗಳಲ್ಲಿ. ಮಠಗಳ ಪ್ರಸಾದ ನಿಲಯಗಳಲ್ಲಿ, ವಾರಾನ್ನದ ಮನೆಗಳಲ್ಲಿ ಉಂಡು ಓದಿದವರ ತಲೆಮಾರು ಒಂದಿತ್ತು. ಅಲ್ಲಿ ಹಣದ ಮಾತಿರಲಿಲ್ಲ, ಚೀಟಿಯೂ ಇರಲಿಲ್ಲ. ಆದರೆ ಓದುವವರ ಸಂಖ್ಯೆ ಬೆಳೆದಂತೆ, ನೌಕರಿಗಾಗಿ ಪಟ್ಟಣ ಸೇರುವ ಒಂಟಿ ಜನರು ಹೆಚ್ಚಿದಂತೆ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಲ್ಲಿ ಖಾನಾವಳಿಗಳು ಬೆಳೆದವು. ಮರಾಠಿಯ ‘ಖಾಣಾವಳ’ ನಮ್ಮಲ್ಲಿ ‘ಖಾನಾವಳಿ’ಯಾಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಮೊಸರು, ಕೊನೆಗೆ ಅನ್ನ ಸಾರು. ಇದು ಅದರ ಸ್ವರೂಪ.

ಎಪ್ಪತ್ತರ ದಶಕದ ಕೊನೆಗೆ ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ ಊಟ ಮಾಡುತ್ತಿದ್ದ ಖಾನಾವಳಿಯಲ್ಲಿ ತಿಂಗಳ ಮೊದಲಿಗೆ ಅರವತ್ತು ಚೀಟಿಗಳ ಪುಸ್ತಕ ಕೊಳ್ಳುತ್ತಿದ್ದೆವು. ಒಂದು ಹೊತ್ತಿಗೆ ಒಂದು ಚೀಟಿ. ಬಿಡಿ ಊಟಕ್ಕಿಂತ ಪುಸ್ತಕದ ಊಟ ಅಗ್ಗ. ಏಕೆ ಅಗ್ಗವೆಂದು ನಾವು ಅಂದು ಯೋಚಿಸಿದವರಲ್ಲ. ಅದನ್ನು ನಡೆಸುತ್ತಿದ್ದ ತಾಯಿ ಒಮ್ಮೆ ತಾನಾಗಿಯೇ ಹೇಳಿದಳು: “ನೀವು ಒಂದನೇ ತಾರೀಖಿಗೆ ರೊಕ್ಕಾ ಕೊಟ್ರ ನಾ ಸಂತ್ಯಾಗ ಜ್ವಾಳ, ಬ್ಯಾಳಿ ನಗದಿ ತರತೇನ್ರಿ ತಮ್ಮಾ. ಇಲ್ಲಾಂದ್ರ ಅಂಗಡ್ಯಾಂವ ಉದ್ರಿ ಬರದು ಮ್ಯಾಲ ಬಡ್ಡಿ ಹಚ್ಚತಾನ. ಆ ಬಡ್ಡಿ ಅವಂಗ ಕೊಡೂದಕ್ಕಿಂತ ನಿಮಗ ಬಿಟ್ರ ನೀವಾರ ಹೊಟ್ಟಿ ತುಂಬ ಉಣತೀರಿ.” ಅರ್ಥಶಾಸ್ತ್ರದ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದವರನ್ನು ನಾನು ಆಮೇಲೂ ಕಾಣಲಿಲ್ಲ. ಆಕೆಯ ವಟ್ಟಕ್ಕೆ ಒಂದು ಆಧಾರವಿತ್ತು; ನಮ್ಮ ಮುಂಗಡದಿಂದ ಆಕೆಗೆ ಉಳಿದ ಬಡ್ಡಿಯ ಪಾಲು ಅದು.

ಒಂದು ವರ್ಷ ಆಕೆಗೆ ಕಾಯಿಲೆಯಾಗಿ ಇಪ್ಪತ್ತು ದಿನ ಒಲೆ ಹೊತ್ತಿಸಲಾಗಲಿಲ್ಲ. ನಮ್ಮ ಕೈಯಲ್ಲಿ ಚೀಟಿಗಳು ಉಳಿದಿದ್ದವು. ಆಕೆ ಅದೇ ಓಣಿಯ ಇನ್ನೊಂದು ಖಾನಾವಳಿಗೆ ಹೇಳಿಕಳಿಸಿದಳು. ನಮ್ಮ ಚೀಟಿಗಳು ಅಲ್ಲಿ ನಡೆದವು. ಗುಣವಾದ ಮೇಲೆ ಆಕೆ ಆ ಚೀಟಿಗಳನ್ನು ಎಣಿಸಿ ಹಣ ತೀರಿಸಿದಳು. ಇದಕ್ಕೆ ವಿರುದ್ಧವಾದುದನ್ನೂ ನಾವು ಕಂಡಿದ್ದೇವೆ. ಬೇರೊಂದು ಓಣಿಯಲ್ಲಿ ಹೊಸದಾಗಿ ತೆರೆದವನೊಬ್ಬನು ಎಲ್ಲರಿಗಿಂತ ಕಡಿಮೆ ಬೆಲೆಗೆ ಮೂರು ತಿಂಗಳ ಪುಸ್ತಕಗಳನ್ನು ಮಾರಿ, ಎರಡನೆಯ ತಿಂಗಳಲ್ಲಿ ಬಾಗಿಲಿಗೆ ಬೀಗ ಹಾಕಿ ಹೊರಟುಹೋದನು. ಹುಡುಗರು ಉಳಿದ ಚೀಟಿಗಳನ್ನು ಹಿಡಿದು ಮುಚ್ಚಿದ ಬಾಗಿಲ ಮುಂದೆ ನಿಂತರು. ಬೆಲೆ ಯಾರದು ಅತ್ಯಂತ ಕಡಿಮೆಯೋ ಅವನಿಗೆ ಮುಂಗಡ ಎಲ್ಲರಿಗಿಂತ ಅಗತ್ಯವಾಗಿ ಬೇಕಾಗಿರುತ್ತದೆ ಎಂಬ ಸತ್ಯವನ್ನು ಆ ಬೀಗ ತಿಳಿಸುತ್ತಿತ್ತು.

ಪಟ್ಟಣದ ಓಣಿಯಾಚೆಗೆ, ಕಾರ್ಖಾನೆಗಳಲ್ಲಿಯೂ ಊಟದ ಚೀಟಿಗೆ ಒಂದು ಸ್ಥಾನ ಏರ್ಪಟ್ಟಿತು. 1948ರ ಕಾರ್ಖಾನೆಗಳ ಕಾಯಿದೆ 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಕ್ಯಾಂಟೀನು ನಡೆಸಬೇಕೆಂದು ವಿಧಿಸಲು ಅವಕಾಶ ಮಾಡಿಕೊಟ್ಟಿತು. ಹೊರದೇಶಗಳಲ್ಲಿ ಕ್ಯಾಂಟೀನು ಕಟ್ಟುವ ಬದಲು ಚೀಟಿ ಕೊಡುವ ಉಪಾಯ ಹುಟ್ಟಿತು. ಇಂಗ್ಲೆಂಡಿನಲ್ಲಿ 1955ರಲ್ಲಿ ಲಂಚನ್ ವೋಚರ್ ಎಂಬ ಚೀಟಿಗಳ ಕಂಪನಿ ಸ್ಥಾಪನೆಯಾಯಿತು. ಫ್ರಾನ್ಸಿನಲ್ಲಿ ಝಾಕ್ ಬೊರೆಲ್ ಎಂಬಾತನು 1962ರಲ್ಲಿ ಇಂಥದೇ ಟಿಕೆಟ್ಟನ್ನು ತಂದನು. ಒಂದು ಕಂಪನಿಯ ನೌಕರನು ಎರಡನೆಯ ಕಂಪನಿಯ ಚೀಟಿ ಕೊಟ್ಟು ಮೂರನೆಯವನ ಹೋಟೆಲಿನಲ್ಲಿ ಉಣ್ಣುವ ವ್ಯವಸ್ಥೆಯಿದು. ಖಾನಾವಳಿಯಲ್ಲಿ ಮಾತು ಕೊಟ್ಟವಳೂ ಅನ್ನವಿಕ್ಕುವವಳೂ ಒಬ್ಬಳೇ ಆಗಿದ್ದಳು. ಇಲ್ಲಿ ಮಾತು ಕೊಡುವವನು ಬೇರೆ, ಬಡಿಸುವವನು ಬೇರೆ. ಆಧುನಿಕ ಊಟದ ಚೀಟಿಯ ಎಲ್ಲ ಅನುಕೂಲಗಳೂ ಎಲ್ಲ ತೊಡಕುಗಳೂ ಈ ಒಂದು ಬಿರುಕಿನಿಂದ ಹೊರಟಿವೆ ಎಂದರೆ ತಪ್ಪಾಗಲಾರದು.

ನಮ್ಮ ನ್ಯಾಯಾಲಯಗಳು ಈ ಚೀಟಿಯ ಸ್ವರೂಪವೇನೆಂದು ವಿಚಾರ ಮಾಡಿವೆ. ಮಹಾರಾಷ್ಟ್ರದಲ್ಲಿ ಸೊಡೆಕ್ಸೊ ಎಂಬ ಕಂಪನಿಯ ಊಟದ ಚೀಟಿಗಳನ್ನು ಸರಕು ಎಂದು ಬಗೆದು ಸ್ಥಳೀಯ ತೆರಿಗೆ ಹಾಕಲು ಹೊರಟಾಗ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಚೀಟಿಗಳು ಸರಕಲ್ಲವೆಂದು ನ್ಯಾಯಾಲಯ 2015ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಬೆಂಗಳೂರಿನ ಪ್ರೀಮಿಯರ್ ಸೇಲ್ಸ್ ಪ್ರಮೋಶನ್ ಎಂಬ ಕಂಪನಿ ಉಡುಗೊರೆ ಚೀಟಿಗಳನ್ನು ಕೊಂಡು ಮಾರುವ ವ್ಯಾಪಾರ ಮಾಡುತ್ತಿತ್ತು. ಅದರ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2023ರ ಜನವರಿಯಲ್ಲಿ, ಇಂಥ ಚೀಟಿ ಸರಕೂ ಅಲ್ಲ, ಸೇವೆಯೂ ಅಲ್ಲವೆಂದು ಹೇಳಿತು. ಅದನ್ನು ಕೊಟ್ಟು ವಸ್ತುವನ್ನೋ ಸೇವೆಯನ್ನೋ ಪಡೆದಾಗಲೇ ಅದಕ್ಕೆ ಬೆಲೆ. ತೆರಿಗೆಯ ಪ್ರಶ್ನೆಗಾಗಿ ಹೊರಟ ಮಾತಾದರೂ ಇದು ನಮ್ಮಂಥ ಸಾಮಾನ್ಯರಿಗೆ ಒಂದು ತತ್ತ್ವವನ್ನು ತಿಳಿಸುತ್ತದೆ: ಚೀಟಿ ಕೊಂಡವನು ಊಟವನ್ನು ಕೊಂಡಿರುವುದಿಲ್ಲ. ಅವನ ಕೈಯಲ್ಲಿರುವುದು ಒಂದು ಮಾತು ಮಾತ್ರ.

ಅಂತರ್ಜಾಲದ ಯುಗದಲ್ಲಿ ಈ ಮಾತಿನ ಸಂತೆಯೇ ತೆರೆಯಿತು. ಅಮೆರಿಕದ ಶಿಕಾಗೋ ನಗರದಲ್ಲಿ 2008ರಲ್ಲಿ ಗ್ರೂಪಾನ್ ಎಂಬ ಸಂಸ್ಥೆ, ತನ್ನ ಕಟ್ಟಡದಲ್ಲಿಯೇ ಇದ್ದ ಉಪಾಹಾರ ಗೃಹದ ಪಿಜ್ಜಾವನ್ನು ಒಂದರ ಬೆಲೆಗೆ ಎರಡರಂತೆ ಮಾರಿ ತನ್ನ ವ್ಯಾಪಾರ ಆರಂಭಿಸಿತು. 2011ರಲ್ಲಿ ಅದು ಸೋಸಸ್ತಾ ಎಂಬ ಭಾರತೀಯ ಸಂಸ್ಥೆಯನ್ನು ಕೊಂಡು ನಮ್ಮ ದೇಶಕ್ಕೆ ಬಂದಿತು. ಉಳ್ಳಾಗಡ್ಡಿಯ ಬೆಲೆ ಗಗನಕ್ಕೇರಿದ್ದ 2013ರ ಸೆಪ್ಟೆಂಬರಿನಲ್ಲಿ ಅದು ಕಿಲೋಗೆ 9 ರೂಪಾಯಿಯಂತೆ ಉಳ್ಳಾಗಡ್ಡಿ ಮಾರಲು ತೊಡಗಿದಾಗ ಜನರ ನೂಕುನುಗ್ಗಲಿಗೆ ಅದರ ಜಾಲತಾಣವೇ ಕುಸಿಯಿತು. 2015ರಲ್ಲಿ ಅದರ ಭಾರತೀಯ ಶಾಖೆ ನಿಯರ್‌ಬೈ ಎಂಬ ಹೆಸರಿನ ಪ್ರತ್ಯೇಕ ಸಂಸ್ಥೆಯಾಯಿತು. ಬೇರೆ ಸಂಸ್ಥೆಗಳೂ ಬಂದವು.

ಇಲ್ಲಿ ಆ ಖಾನಾವಳಿಯ ತಾಯಿಯ ಮಾತನ್ನು ನೆನೆದು ಕೇಳಬೇಕಾದ ಪ್ರಶ್ನೆ, ಈ ವಟ್ಟದ ಹಣ ಯಾರ ಜೇಬಿನಿಂದ ಬರುತ್ತದೆ ಎಂಬುದು. ಸರಕಾರ 2017ರಲ್ಲಿ ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳನ್ನು ತೆರೆದು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟಾಗ ಉಳಿದ ಹಣ ಬೊಕ್ಕಸದ್ದೆಂದು ಎಲ್ಲರಿಗೂ ತಿಳಿದಿತ್ತು. ಅಂತರ್ಜಾಲದ ಚೀಟಿಯಲ್ಲಿ ಹಾಗಲ್ಲ. ಈ ವ್ಯಾಪಾರದ ಮೊದಲ ವರ್ಷಗಳ ಸಾಮಾನ್ಯ ಲೆಕ್ಕ ಹೀಗಿತ್ತು: ಸಾವಿರದ ಊಟದ ಚೀಟಿ ಐದು ನೂರಕ್ಕೆ ಮಾರಾಟವಾದರೆ, ಆ ಐದು ನೂರರಲ್ಲಿ ಸುಮಾರು ಅರ್ಧ ಮಧ್ಯವರ್ತಿಗೆ. ಅಂದರೆ ಸಾವಿರದ ಊಟ ಬಡಿಸಿದವನಿಗೆ ಎರಡು ನೂರೈವತ್ತು! ಬಂದ ಗಿರಾಕಿ ಮತ್ತೆ ಮತ್ತೆ ಬಂದಾನೆಂಬ ಆಸೆಯಿಂದ ಹೋಟೆಲಿನವನು ಈ ನಷ್ಟವನ್ನು ಹೊರುತ್ತಾನೆ. ಆದರೆ ಅಗ್ಗಕ್ಕೆಂದು ಬಂದವನು ನಾಳೆ ಇನ್ನೊಂದು ಅಗ್ಗದ ಚೀಟಿ ಹಿಡಿದು ಇನ್ನೊಂದು ಹೋಟೆಲಿಗೆ ಹೋಗುತ್ತಾನೆ. ಈ ಅಸಮಾಧಾನ 2019ರ ಆಗಸ್ಟಿನಲ್ಲಿ ಬಹಿರಂಗವಾಯಿತು. ಗುರುಗ್ರಾಮದಲ್ಲಿ ತೊಡಗಿ ಬೆಂಗಳೂರಿನವರೆಗೆ ನೂರಾರು ಹೋಟೆಲುಗಳು ಜೊಮ್ಯಾಟೊ ಗೋಲ್ಡ್ ಮೊದಲಾದ ರಿಯಾಯಿತಿ ಯೋಜನೆಗಳಿಂದ ಹೊರನಡೆದವು. ‘ಲಾಗ್ ಔಟ್’ ಎಂಬುದೇ ಆ ಚಳವಳಿಯ ಘೋಷಣೆ. ನಷ್ಟದಲ್ಲಿ ಬಡಿಸುವ ಕೈ ಬಹುಕಾಲ ತುಂಬ ಬಡಿಸಲಾರದು ಎಂಬುದನ್ನು ಉಣ್ಣುವವರಾದ ನಾವೂ ತಿಳಿಯಬೇಕು.

ಇನ್ನು ಕೊಳ್ಳುವವನ ಕಡೆಯ ಅಪಾಯಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಕರಾರಿನ ಸಣ್ಣ ಅಕ್ಷರಗಳು. ಸಾವಿರದ ಚೀಟಿಯನ್ನು ಆರು ನೂರಕ್ಕೆ ಕೊಂಡಿರಿ ಎನ್ನೋಣ. ಎರಡು ಸಾವಿರದ ಬಿಲ್ಲಾದರೆ ಮಾತ್ರ ಚೀಟಿ ನಡೆಯುತ್ತದೆಂದು ಕರಾರಿದ್ದರೆ ನೀವು ಕೊಡುವುದು ಚೀಟಿಗೆ 600, ಹೋಟೆಲಿನಲ್ಲಿ 1000, ಒಟ್ಟು 1600, ತೆರಿಗೆ ಬೇರೆ. ನೂರಕ್ಕೆ ನಲವತ್ತೆಂದು ಕಂಡ ವಟ್ಟ ನಿಜದಲ್ಲಿ ನೂರಕ್ಕೆ ಇಪ್ಪತ್ತು. ಇಬ್ಬರು 900ರಲ್ಲಿ ತೃಪ್ತಿಯಾಗಿ ಉಂಡು ಬರುತ್ತಿದ್ದವರಾದರೆ ಉಳಿತಾಯದ ಹೆಸರಿನಲ್ಲಿ 700 ಹೆಚ್ಚು ವೆಚ್ಚ ಮಾಡಿದಂತಾಯಿತು. ರವಿವಾರ ಇಲ್ಲ, ಹಬ್ಬದ ದಿನ ಇಲ್ಲ, ಒಂದು ಮೇಜಿಗೆ ಒಂದೇ ಚೀಟಿ ಎಂಬ ಕಟ್ಟಳೆಗಳು ಬೇರೆ.

ಎರಡನೆಯದು ಅವಧಿ. ಭಾರತೀಯ ರಿಸರ್ವ್ ಬ್ಯಾಂಕು ಮುಂಗಡ ಪಾವತಿಯ ಸಾಧನಗಳ ಬಗ್ಗೆ 2021ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಅಂಥವುಗಳಿಗೆ ಕನಿಷ್ಠ ಒಂದು ವರ್ಷದ ಆಯುಷ್ಯವಿರಬೇಕೆಂದು, ಅವಧಿ ಮುಗಿಯುವ ಮುನ್ನಿನ 45 ದಿನಗಳಲ್ಲಿ ಗ್ರಾಹಕನನ್ನು ಎಚ್ಚರಿಸಬೇಕೆಂದು ಹೇಳಿತು. ಒಳ್ಳೆಯ ನಿಯಮ. ಆದರೆ ಒಂದು ಸಂಸ್ಥೆ ತನ್ನಲ್ಲಿಯೇ ಖರ್ಚು ಮಾಡಲೆಂದು ಕೊಡುವ ಚೀಟಿಗೆ ಬ್ಯಾಂಕಿನ ಅನುಮತಿ ಬೇಕಿಲ್ಲ. ಅದು ಈ ಕಾವಲಿನ ಹೊರಗಿದೆ. ಅಮೆರಿಕದಲ್ಲಿ 2009ರ ಶಾಸನವೊಂದು ಉಡುಗೊರೆ ಕಾರ್ಡುಗಳಿಗೆ ಕನಿಷ್ಠ ಐದು ವರ್ಷದ ಆಯುಷ್ಯವನ್ನು ವಿಧಿಸಿತು. ಆಚಂದ್ರಾರ್ಕವೆಂದು ಬರೆಸಿದವರ ಮಕ್ಕಳು ನಾವು. ನಮ್ಮ ಚೀಟಿಯ ಆಯುಷ್ಯ ಎಷ್ಟೋ ಸಲ ತೊಂಬತ್ತು ದಿನ!

ಮೂರನೆಯದು ಬಾಗಿಲು ಮುಚ್ಚುವ ಭಯ. 2020ರ ಮಾರ್ಚಿ 25ರಿಂದ ದೇಶಕ್ಕೆ ದೇಶವೇ ಸ್ತಬ್ಧವಾದಾಗ ಹೋಟೆಲುಗಳಲ್ಲಿ ಕುಳಿತು ಉಣ್ಣುವುದು ನಿಂತುಹೋಯಿತು. ಜೂನ್ 8ರಿಂದ ಮತ್ತೆ ಅವಕಾಶವಾಯಿತಾದರೂ ಹಲವು ಬಾಗಿಲುಗಳು ತೆರೆಯಲೇ ಇಲ್ಲ. ಮುಚ್ಚಿದ ಹೋಟೆಲಿನ ಚೀಟಿ ಹಿಡಿದವನು ಕಾನೂನಿನ ದೃಷ್ಟಿಯಲ್ಲಿ ಆಧಾರವಿಲ್ಲದ ಸಾಲಿಗ. ಬ್ಯಾಂಕು ಮುಂತಾದವರ ಪಾಲು ಹೋದ ಮೇಲೆ ಉಳಿದುದರಲ್ಲಿ ಅವನ ಸರದಿ. ಅಮೆರಿಕದ ಶಾರ್ಪರ್ ಇಮೇಜ್ ಎಂಬ ಅಂಗಡಿ 2008ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ತನ್ನ ಉಡುಗೊರೆ ಕಾರ್ಡುಗಳನ್ನು ನಿಲ್ಲಿಸಿತು. ಆಮೇಲೆ, ಕಾರ್ಡಿನ ಎರಡರಷ್ಟು ಖರೀದಿ ಮಾಡಿದರೆ ಮಾತ್ರ ಒಪ್ಪುತ್ತೇವೆಂದಿತು.

ನಾಲ್ಕನೆಯದು, ಒಬ್ಬರ ಚೀಟಿಯನ್ನು ಇನ್ನೊಬ್ಬರಿಂದ ಕೊಳ್ಳುವುದು. ಹುಂಡಿಗೆ ಕಾಗದವಿತ್ತು, ಸಹಿಯಿತ್ತು. ಅಂಕಿಗಳ ಚೀಟಿಯನ್ನು ಮಾರಿದವನೇ ನೀವು ಹೋಗುವ ಮುನ್ನ ಬಳಸಿಬಿಟ್ಟರೆ ನಿಮ್ಮ ಕೈಯಲ್ಲಿ ಉಳಿಯುವುದು ಬರಿಯ ಅಂಕಿ. ಐದನೆಯದು ಶುದ್ಧ ಮೋಸ. ಬೆಂಗಳೂರು, ದಿಲ್ಲಿ, ಮುಂಬಯಿಗಳಲ್ಲಿ ಇದು ಮತ್ತೆ ಮತ್ತೆ ವರದಿಯಾಗಿದೆ. ಹೆಸರಾಂತ ಹೋಟೆಲಿನ ಹೆಸರು ಹಾಕಿ, ಒಂದು ಥಾಲಿ ಕೊಂಡರೆ ಎರಡು ಉಚಿತ ಎಂಬ ಜಾಹೀರಾತು ಫೇಸ್‌ಬುಕ್ಕಿನಲ್ಲಿ ಬರುತ್ತದೆ. ಕರೆ ಮಾಡಿದವರಿಗೆ, ಮೊದಲು ಹತ್ತು ರೂಪಾಯಿ ಕಟ್ಟಿ ಹೆಸರು ನೋಂದಾಯಿಸಿ ಎಂದು ಒಂದು ಕೊಂಡಿ ಕಳಿಸುತ್ತಾರೆ. ಅದರಲ್ಲಿ ಬ್ಯಾಂಕಿನ ಕಾರ್ಡಿನ ವಿವರ ತುಂಬಿದ ಸ್ವಲ್ಪ ಹೊತ್ತಿನಲ್ಲಿಯೇ ಖಾತೆಯ ಹಣ ಖಾಲಿ. ಹೆಸರು ಕೆಟ್ಟ ಆ ಹೋಟೆಲಿನವನಿಗೆ ಇದರ ಗಂಧವೂ ಇರುವುದಿಲ್ಲ.

ನಮ್ಮ ಘೋಡಗೇರಿಯ ಕಡೆಗೆ ಈ ಚೀಟಿಗಳು ಬಹುಮಟ್ಟಿಗೆ ಉಡುಗೊರೆಯಾಗಿಯೇ ಬರುತ್ತವೆ. ಪುಣೆಯಲ್ಲಿ ನೌಕರಿಯಲ್ಲಿರುವ ಮಗನೊಬ್ಬನು ಇಲ್ಲಿಯ ತಂದೆತಾಯಿಗಳಿಗೆ ಅವರ ಮದುವೆಯ ನಲವತ್ತನೆಯ ವರ್ಷಕ್ಕೆಂದು ಒಂದು ದೊಡ್ಡ ಹೋಟೆಲಿನ ಚೀಟಿಯನ್ನು ಅರ್ಧ ಬೆಲೆಗೆ ಕೊಂಡು ಕಳಿಸಿದನು. ಆ ಹೋಟೆಲು ಗೋಕಾಕದಲ್ಲಿಲ್ಲ, ಘಟಪ್ರಭೆಯಲ್ಲಿಲ್ಲ. ವೃದ್ಧ ದಂಪತಿಗಳು ಹೊಸ ಬಟ್ಟೆಯುಟ್ಟು ಬಸ್ಸು ಹತ್ತಿ ಬೆಳಗಾವಿಗೆ ಹೋದರು. ಅಂದು ರವಿವಾರ, ಚೀಟಿ ವಾರದ ದಿನಗಳಿಗೆ ಮಾತ್ರವೆಂದು ಬಾಗಿಲಲ್ಲಿದ್ದ ಹುಡುಗನು ವಿನಯದಿಂದಲೇ ಹೇಳಿದನು. ಅವರು ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ತಿಂದು ಹಿಂದಿರುಗಿದರು. ಊಟ ಹೇಗಿತ್ತೆಂದು ಮಗನು ಕೇಳಿದಾಗ “ಭಾಳ ಛಲೋ ಇತ್ತಪಾ” ಎಂದರಂತೆ. ಅಲ್ಲಿ ಕಳೆದುಹೋದುದು ಕೆಲವು ನೂರು ರೂಪಾಯಿ ಮಾತ್ರವೆಂದು ನನಗೆ ಅನ್ನಿಸುವುದಿಲ್ಲ. ಮಗನ ಪ್ರೀತಿಯೇ ಆ ಬಾಗಿಲಲ್ಲಿ ತಡೆದು ನಿಂತಿತು. ಅದನ್ನು ಮುಚ್ಚಿಡಲು ಹಿರಿಯರು ಸುಳ್ಳಾಡಬೇಕಾಯಿತು.

ಹಾಗಾದರೆ ಇವೆಲ್ಲ ತ್ಯಾಜ್ಯವೇ? ಹಾಗೆಂದು ನಾನು ಹೇಳಲಾರೆ. ಮುಂಗಡದ ಊಟ ನಮ್ಮ ಸಂಸ್ಕೃತಿಗೆ ಹೊರತಾದುದಲ್ಲವೆಂದು ಇಷ್ಟು ಹೊತ್ತು ವಿವರಿಸಿದ್ದಾಗಿದೆ. ಬೆಂಗಳೂರಿನಲ್ಲಿ 1983ರಲ್ಲಿ ತೊಡಗಿದ ದರ್ಶಿನಿಗಳಲ್ಲಿ ಮೊದಲು ಹಣ ಕೊಟ್ಟು ಚೀಟಿ ಪಡೆದೇ ಇಡ್ಲಿ ತಿನ್ನುತ್ತೇವೆ. ಅಲ್ಲಿ ಮಾತಿನ ಆಯುಷ್ಯ ಐದು ನಿಮಿಷ, ಒಲೆ ಕಣ್ಣೆದುರಿಗೇ ಇರುತ್ತದೆ. ಆದುದರಿಂದ ಯಾರಿಗೂ ಭಯವಿಲ್ಲ. ಅವಧಿ ಬೆಳೆದಂತೆ, ಒಲೆ ದೂರವಾದಂತೆ ಎಚ್ಚರವೂ ಬೆಳೆಯಬೇಕು, ಅಷ್ಟೆ.

ಕಾನೂನು ನಮ್ಮ ನೆರವಿಗೆ ಇಲ್ಲದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಅಂತರ್ಜಾಲದ ವ್ಯಾಪಾರಿ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂದು 2020ರ ನಿಯಮಗಳು ಹೇಳಿವೆ. ಇನ್ನು ಐದೇ ನಿಮಿಷ ಉಳಿದಿದೆಯೆಂದು ಸುಳ್ಳು ಅವಸರ ಹುಟ್ಟಿಸುವುದು, ಬೆಲೆಯನ್ನು ಹನಿಹನಿಯಾಗಿ ಏರಿಸುವುದು ಮುಂತಾದ ಹದಿಮೂರು ಬಗೆಯ ಕುಟಿಲೋಪಾಯಗಳನ್ನು 2023ರ ಮಾರ್ಗಸೂಚಿ ನಿಷೇಧಿಸಿದೆ. ಗ್ರಾಹಕರ ಸಹಾಯವಾಣಿ 1915. ಹಣ ಲಪಟಾಯಿಸಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ 1930ಕ್ಕೆ ಕರೆ ಮಾಡಬೇಕು. ಆದರೆ ನಾಲ್ಕು ನೂರು ರೂಪಾಯಿಗಾಗಿ ಎಷ್ಟು ಜನ ದೂರು ಕೊಂಡೊಯ್ಯುತ್ತಾರೆ? ಸಣ್ಣ ನಷ್ಟವನ್ನು ಜನ ಮರೆತುಬಿಡುತ್ತಾರೆಂಬ ಭರವಸೆಯ ಮೇಲೆಯೇ ಎಷ್ಟೋ ವ್ಯಾಪಾರ ನಿಂತಿದೆ.

ಆದುದರಿಂದ ಹಳೆಯ ಸಾವಕಾರನ ಪ್ರಶ್ನೆಗಳನ್ನೇ ನಾವು ಕೇಳುವುದು ಲೇಸು. ಈ ಮಾತು ಕೊಟ್ಟವರು ಯಾರು, ಹೋಟೆಲಿನವನೋ ಮಧ್ಯವರ್ತಿಯೋ? ಹೋಟೆಲಿಗೇ ಒಂದು ಕರೆ ಮಾಡಿ, ಈ ಚೀಟಿ ನಿಮ್ಮಲ್ಲಿ ನಡೆಯುತ್ತದೆಯೇ ಎಂದು ಕೇಳಿದರೆ ಅರ್ಧ ಸಂದೇಹ ಪರಿಹಾರವಾಗುತ್ತದೆ. ಅವಧಿ ಎಷ್ಟು, ಯಾವ ದಿನ ನಡೆಯದು, ಎಷ್ಟರ ಬಿಲ್ಲಾಗಬೇಕು? ಊರಿನಲ್ಲಿಲ್ಲದ ಹೋಟೆಲಿನ ಚೀಟಿಯನ್ನು ಹಿರಿಯರಿಗೆ ಕಳಿಸುವುದಕ್ಕಿಂತ, ಗೋಕಾಕದ ಒಂದು ಡಬ್ಬಿ ಕರದಂಟನ್ನು ಕೈಯಾರೆ ತಂದುಕೊಡುವುದು ಮೇಲು. ಕೊಂಡ ಚೀಟಿಯನ್ನು ಕಾಪಾಡಿ ಇಡದೆ ಬೇಗ ಬಳಸಿ ಮುಗಿಸಬೇಕು. ಅನ್ನ ಹಳಸುವಂತೆ ಅನ್ನದ ಮಾತೂ ಹಳಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ವಟ್ಟವನ್ನು ಹೊರುವವರು ಯಾರೆಂದು ಯೋಚಿಸಬೇಕು. ಬಡಿಸುವವನಿಗೂ ಉಣ್ಣುವವನಿಗೂ ಲಾಭವಾಗುವ ವಟ್ಟವೊಂದಿದೆ, ಒಬ್ಬನನ್ನು ಮುಳುಗಿಸಿ ಇನ್ನೊಬ್ಬನನ್ನು ಮರುಳುಗೊಳಿಸುವ ವಟ್ಟವೊಂದಿದೆ. ಇವೆರಡರ ಭೇದ ತಿಳಿದವನು ಚೀಟಿ ಕೊಳ್ಳಲಿ. ಸುಖವಾಗಿ ಉಂಡು ಬರಲಿ.